ನಮ್ಮೂರ ಕೆರೆಯಲ್ಲಿ ಗಾಳ ಹಾಕುವವರಿಗೆ ಟಿಕೆಟ್ ಕೊಡಬೇಕೆಂದಿದ್ದೇವೆ. ಮೀನು ಎಷ್ಟಿವೆ ಎಂದು ಎಣಿಸಲು ಫಿಶ್ ಫೈಂಡರ್ (ಶಬ್ದದ ಅಲೆಯಿಂದ ನೀರೊಳಗಿನ ಮೀನು ತೋರಿಸುವ ಯಂತ್ರ) ಕೊಳ್ಳುವುದಾ, ಬಲೆ ಹಾಕುವುದಾ?

ಎಷ್ಟಿವೆ ಅನ್ನುವ ಪ್ರಶ್ನೆಯನ್ನೇ ಸದ್ಯಕ್ಕೆ ಬಿಡಿ. ಅದರ ಹಿಂದೆ ಬಿದ್ದು ನಾನು ಒಂದು ಕೆರೆಯನ್ನೇ ಬರಿದು ಮಾಡಿದ್ದೇನೆ.

ಭಾಲ್ಕಿ ಕಡೆಯ ಸಣ್ಣ ಕೆರೆ. ಮೀನುಗಾರರ ಸಂಘದವರು ಕಾಟ್ಲಾ, ರೋಹು ಮರಿ ಬಿಟ್ಟು ಬೆಳೆಸಿದ್ದರು. ಭಾನುವಾರ ಹುಮನಾಬಾದ್, ಕಲಬುರಗಿಯಿಂದ ಬರುವವರಿಗೆ ಟಿಕೆಟ್ ಕೊಡೋಣ ಎಂದವನು ನಾನು. ಎಷ್ಟು ಹಿಡಿಯಲು ಬಿಡಬಹುದು ಎಂದು ತಿಳಿಯಲು ಗುರುತಿನ ಲೆಕ್ಕ ಮಾಡಿದೆ. ಬೀಸುಬಲೆಯಲ್ಲಿ ಮೀನು ಹಿಡಿದು, ಹೊಟ್ಟೆಯ ಎಡರೆಕ್ಕೆಯ ತುದಿ ಕತ್ತರಿಸಿ ವಾಪಸ್ ಬಿಡುವುದು. ಎರಡು ವಾರ ಬಿಟ್ಟು ಮತ್ತೆ ಬಲೆ. ನಾನು ಗುರುತು ಮಾಡಿದ್ದು 120. ಎರಡನೇ ಸಲ ಸಿಕ್ಕಿದ್ದು 90, ಅದರಲ್ಲಿ ಗುರುತಿನವು ಮೂರೇ. ಬಲೆಯಲ್ಲಿ ಮೂವತ್ತಕ್ಕೊಂದು ಗುರುತಿನದಾದರೆ ಇಡೀ ಕೆರೆಯಲ್ಲೂ ಹಾಗೇ ಎಂದು 120ನ್ನು 90ರಿಂದ ಗುಣಿಸಿ 3ರಿಂದ ಭಾಗಿಸಿ. 3,600 ಮೀನು! ವಾರಕ್ಕೆ 60 ಹಿಡಿದರೂ ವರ್ಷ ದಾಟುತ್ತದೆ ಎಂದು ಸಂಘದವರಿಗೆ ಹೇಳಿಬಿಟ್ಟೆ.

ತಪ್ಪಿದ್ದು ಇಲ್ಲಿ. ಅದು ಮೇ ತಿಂಗಳು. ನಮ್ಮ ಕಡೆಯ ಮೇ ಬಿಸಿಲು ನಿಮಗೂ ಗೊತ್ತಲ್ವಾ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಅಂಥದ್ದರಲ್ಲಿ ಒಂದು ಪ್ಲಾಸ್ಟಿಕ್ ಟಬ್‌ಗೆ ಹದಿನೈದು ಮೀನು ತುಂಬಿ, ಒಂದೊಂದನ್ನೇ ಎತ್ತಿ ಕತ್ತರಿಸುತ್ತ ಕೂತಿದ್ದೆ. ಕೊನೆಯವು ನೀರಿನ ಮೇಲೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಬಲೆ ಹಾಕಿಕೊಟ್ಟ ಕಾಕಾ ಆಗಲೇ ಕೇಳಿದ್ದರು: "ತಮ್ಮಾ, ಬಿಟ್ಟ ಮೀನ ಈಜ್ತೋ ಮುಳುಗ್ತೋ ನೋಡೀದೇನು?" ನಾನು ನೋಡಿರಲಿಲ್ಲ. ಮಾರನೇ ದಿನ ಏರಿಯ ಪಕ್ಕ ಜೊಂಡಿನಲ್ಲಿ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಬೇಸಿಗೆಯಲ್ಲಿ ಇದ್ದದ್ದೇ ಎಂದುಕೊಂಡು ಹಾಗೇ ಬಂದೆ. ಒಂದನ್ನು ತಿರುಗಿಸಿದ್ದರೂ ರೆಕ್ಕೆಯ ತುದಿ ನೇರವಾಗಿ ಕತ್ತರಿಸಿದ್ದು ಕಾಣುತ್ತಿತ್ತು.

ಗುರುತಿನ ಮೀನು ಸತ್ತರೆ ಬಲೆಗೆ ಗುರುತು ಕಡಿಮೆ ಸಿಗುತ್ತದೆ. ಭಾಗಿಸುವ ಸಂಖ್ಯೆ ಚಿಕ್ಕದಾಗುತ್ತದೆ, ಉತ್ತರ ಉಬ್ಬುತ್ತದೆ. 120ರಲ್ಲಿ 40 ಮಾತ್ರ ಬದುಕಿದ್ದವು ಅನ್ನಿ, ಆಗ ಅದೇ ಲೆಕ್ಕ 1,200ಕ್ಕೆ ಇಳಿಯುತ್ತದೆ. ಅಂದರೆ ನಾನು ಕೊಂದಷ್ಟೂ ಕೆರೆಯಲ್ಲಿ ಮೀನು ಜಾಸ್ತಿ ಇದ್ದಂತೆ ಕಂಡಿತು. ಅದೂ ಅಲ್ಲದೆ ಮೂರೇ ಗುರುತು ನಂಬಬಾರದಿತ್ತು. ಎರಡು ಸಿಕ್ಕಿದ್ದರೆ 5,400, ನಾಲ್ಕು ಸಿಕ್ಕಿದ್ದರೆ 2,700. ಒಂದು ಮೀನಿಗೆ ಇಷ್ಟು ಅಲ್ಲಾಡುವ ಲೆಕ್ಕದ ಮೇಲೆ ಟಿಕೆಟ್ ಅಚ್ಚು ಹಾಕಿಸಿದೆ.

ದಸರಾ ಹೊತ್ತಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತವರಿಗೂ ಅಂಗೈಯಷ್ಟು ತಿಲಾಪಿಯಾ ಬಿಟ್ಟು ಬೇರೆ ಸಿಗಲಿಲ್ಲ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿವ ಹೊಳೆ ಬೇಕು. ಹೋದದ್ದು ತಾನಾಗಿ ತುಂಬಿಕೊಳ್ಳುವುದಿಲ್ಲ. ಸಂಘದವರಿಗೆ ಮಾರಲು ಮೀನೂ ಇಲ್ಲ, ಟಿಕೆಟ್ ದುಡ್ಡೂ ಇಲ್ಲ. ಅವರ ಒಂದು ವರ್ಷದ ದುಡಿಮೆ ನನ್ನಿಂದ ಹೋಯಿತು. ಅದು ಇವತ್ತಿಗೂ ನೋಯುತ್ತದೆ.

ಫಿಶ್ ಫೈಂಡರ್ ಖಂಡಿತ ಬೇಡ. ಆಳವಿಲ್ಲದ ಕೆರೆಯಲ್ಲಿ ಅದಕ್ಕೆ ದೋಣಿಯ ಕೆಳಗಿನ ಸ್ವಲ್ಪ ಜಾಗ ಮಾತ್ರ ಕಾಣುತ್ತದೆ, ಕಾಟ್ಲಾನಾ ತಿಲಾಪಿಯಾನಾ ಅಂತಲೂ ಹೇಳುವುದಿಲ್ಲ. ಆ ದುಡ್ಡಲ್ಲಿ ತಕ್ಕಡಿ, ಅಳತೆ ಪಟ್ಟಿ ಮತ್ತು ಒಂದು ದಪ್ಪ ರಿಜಿಸ್ಟರ್ ತನ್ನಿ. ಗಾಳ ಹಾಕಿದ ಪ್ರತಿಯೊಬ್ಬರೂ ಎಷ್ಟು ಗಂಟೆ ಕೂತರು, ಯಾವ ಮೀನು, ಎಷ್ಟು ಉದ್ದ, ಎಷ್ಟು ತೂಕ ಎಂದು ಬರೆಸಿ. ಗಂಟೆಗೆ ಸಿಗುವ ಮೀನು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದರೆ ಹಿಡಿಯುವುದನ್ನು ನಿಲ್ಲಿಸಿ. ಗುರುತು ಹಾಕಲೇಬೇಕೆಂದರೆ ಚಳಿಗಾಲದ ತಂಪು ಹೊತ್ತಿನಲ್ಲಿ ಹಾಕಿ, ಹತ್ತು ಮೀನನ್ನು ಬಲೆಯ ಪಂಜರದಲ್ಲಿ ಒಂದು ರಾತ್ರಿ ನೀರಲ್ಲೇ ಇಟ್ಟು ಎಷ್ಟು ಸತ್ತವು ನೋಡಿ. ರಿಜಿಸ್ಟರಿನಲ್ಲಿ ಬರಿಗೈಲಿ ಹೋದವರನ್ನೂ ಬಿಡಬೇಡಿ. ಏನೂ ಸಿಗಲಿಲ್ಲ ಎಂದು ಬರೆಸಲು ಜನ ನಾಚಿಕೊಳ್ಳುತ್ತಾರೆ, ನೀವೇ ಹೋಗಿ ಕೇಳಬೇಕು.