ವಾಗ್ದಾನವಿಲ್ಲದೆ ಕಾದ ಅನ್ನಳು

ನೀವು ಕೇಳಿರುವುದು ಇಷ್ಟು: ಹಲವು ವರ್ಷಗಳಿಂದ ಒಂದೇ ವಿಷಯಕ್ಕಾಗಿ ಪ್ರಾರ್ಥಿಸುತ್ತಿದ್ದೀರಿ, ಏನೂ ಬದಲಾಗಿಲ್ಲ. ಭಾನುವಾರ ಸಭೆಯಲ್ಲಿ ಉಳಿದವರು ಎದ್ದು ನಿಂತು ಕೆಲಸ ಸಿಕ್ಕಿತು, ಕಾಯಿಲೆ ವಾಸಿಯಾಯಿತು, ಮಗುವಾಯಿತು ಎಂದು ಸಾಕ್ಷಿ ಹೇಳುವಾಗ ನಿಮಗೆ ತಲೆ ಎತ್ತಲು ಆಗುವುದಿಲ್ಲ. ನಿಮ್ಮ ವಿಶ್ವಾಸದಲ್ಲೇ ಏನೋ ಕೊರತೆ ಇದೆಯೇ, ಯೇಸುವಿನ ಹುಟ್ಟಿನ ಕಥೆಯಲ್ಲಿ ನಿಮ್ಮಂಥವರಿಗೂ ಒಂದು ಮಾತು ಇದೆಯೇ ಎಂದು ಕೇಳಿದ್ದೀರಿ.

ಇದೆ. ಆದರೆ ಅದು ಕ್ರಿಸ್‌ಮಸ್ ರಾತ್ರಿಯ ಭಾಗದಲ್ಲಿಲ್ಲ. ಕುರುಬರು ತಮ್ಮ ಮಂದೆಗೆ ಮರಳಿದ ಮೇಲೆ, ನಾವು ನಕ್ಷತ್ರವನ್ನು ಬಿಚ್ಚಿ ಗೋದಲಿಯನ್ನು ಅಟ್ಟಕ್ಕೆ ಹಾಕಿದ ಮೇಲೆ ಬರುವ ಭಾಗದಲ್ಲಿದೆ: ಲೂಕನ ಸುವಾರ್ತೆ 2ನೇ ಅಧ್ಯಾಯ, 22ರಿಂದ 38ನೇ ವಚನದವರೆಗೆ. ಕೂಸಿಗೆ 40 ದಿನ ತುಂಬಿದೆ. ತಾಯಿತಂದೆ ಅದನ್ನು ಎತ್ತಿಕೊಂಡು ಯೆರೂಸಲೇಮಿನ ದೇವಾಲಯಕ್ಕೆ ಬರುತ್ತಾರೆ. ಕ್ರಿಸ್‌ಮಸ್‌ನಿಂದ 40ನೇ ದಿನವಾದ ಫೆಬ್ರುವರಿ 2ರಂದು ಸಭೆಗಳು ಈ ಘಟನೆಯನ್ನು ನೆನೆಯುತ್ತವೆ. ಕಥೋಲಿಕ ದೇವಾಲಯಗಳಲ್ಲಿ ಅಂದು ಮೇಣದ ಬತ್ತಿಗಳನ್ನು ಆಶೀರ್ವದಿಸುತ್ತಾರೆ. ನಮ್ಮಲ್ಲಿ ಅನೇಕರಿಗೆ ಈ ದಿನ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಕಾಯುವವರ ಹಬ್ಬ ಎಂದರೆ ಇದೇ.

ಮೊದಲು ಆ ದಂಪತಿಯನ್ನು ನೋಡಿ. ಮರಿಯಳ ಬಳಿಗೆ ದೇವದೂತ ಗಬ್ರಿಯೇಲನೇ ಬಂದಿದ್ದನು. ಯೋಸೇಫನಿಗೆ ಕನಸಿನಲ್ಲಿ ದೂತನು ಮಾತಾಡಿದ್ದನು. ಇಷ್ಟೆಲ್ಲ ಆದವರು ನಮಗೆ ನಿಯಮಗಳು ಬೇಕಿಲ್ಲ, ನಮ್ಮದು ಬೇರೆಯೇ ಲೆಕ್ಕ ಎನ್ನಬಹುದಿತ್ತು. ಅವರು ಹಾಗೆ ಅನ್ನಲಿಲ್ಲ. ಊರಿನ ಉಳಿದ ಬಾಣಂತಿಯರು ಮಾಡುವುದನ್ನೇ ಮಾಡಿದರು. ಬೇತ್ಲೆಹೇಮಿನಿಂದ ಯೆರೂಸಲೇಮಿಗೆ ಸುಮಾರು 9 ಕಿಲೋಮೀಟರ್ ದಾರಿ. ಯಾಜಕಕಾಂಡದ 12ನೇ ಅಧ್ಯಾಯದ ಪ್ರಕಾರ ಬಾಣಂತಿಯು ಒಂದು ಕುರಿಮರಿ ಮತ್ತು ಒಂದು ಹಕ್ಕಿಯನ್ನು ಅರ್ಪಿಸಬೇಕು. ಕುರಿ ತರುವಷ್ಟು ಶಕ್ತಿಯಿಲ್ಲದವಳು ಎರಡು ಬೆಳವಕ್ಕಿಗಳನ್ನೋ ಎರಡು ಪಾರಿವಾಳದ ಮರಿಗಳನ್ನೋ ತಂದರೆ ಸಾಕು. ಲೂಕನು ಹೇಳುವುದು ಹಕ್ಕಿಗಳನ್ನು ಮಾತ್ರ. ಕುರಿಯ ಮಾತೇ ಇಲ್ಲ. ದೇವಾಲಯದಲ್ಲಿ ತುತ್ತೂರಿಯ ಆಕಾರದ ಬಾಯಿದ್ದ 13 ಕಾಣಿಕೆ ಪೆಟ್ಟಿಗೆಗಳು ಇದ್ದವೆಂದೂ ಅವುಗಳಲ್ಲಿ ಹಕ್ಕಿಗಳ ಹಣಕ್ಕಾಗಿಯೇ ಮೀಸಲಾದವು ಇದ್ದವೆಂದೂ ಯೆಹೂದ್ಯರ ಮಿಷ್ನಾ ಗ್ರಂಥ ದಾಖಲಿಸುತ್ತದೆ. ಬಡವರ ಸಾಲಿನಲ್ಲಿ, ಕೈಯಲ್ಲಿ ಕೂಸು ಹಿಡಿದು, ನಾಲ್ಕು ಕಾಸು ಹಾಕುತ್ತಿರುವ ಹದಿಹರೆಯದ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದೇವರ ಕೃಪೆಗೆ ಪಾತ್ರಳು ಎನಿಸಿಕೊಂಡವಳ ಮನೆಯಲ್ಲಿ ಒಂದು ಕುರಿಮರಿಗೂ ಹಣವಿರಲಿಲ್ಲ. ವಿಶ್ವಾಸವಿದ್ದರೆ ಸಮೃದ್ಧಿ ತಾನಾಗಿ ಬರುತ್ತದೆ ಎಂದು ಯಾರಾದರೂ ನಿಮಗೆ ಬೋಧಿಸಿದ್ದರೆ, ಈ ಎರಡು ಹಕ್ಕಿಗಳನ್ನು ಅವರ ಮುಂದಿಡಿ.

ಈ ಒಂದೇ ಭಾಗದಲ್ಲಿ, 39ನೇ ವಚನವನ್ನೂ ಸೇರಿಸಿಕೊಂಡರೆ, ಧರ್ಮಶಾಸ್ತ್ರದ ಪ್ರಕಾರ ಎಂಬ ಅರ್ಥದ ಮಾತನ್ನು ಲೂಕನು ಐದು ಸಲ ಹೇಳುತ್ತಾನೆ. ಅವನು ಅದನ್ನು ಸುಮ್ಮನೆ ಹೇಳುತ್ತಿಲ್ಲ ಎಂದು ನನ್ನ ನಂಬಿಕೆ. ಆ ಇಬ್ಬರು, ದೇವಾಲಯದಲ್ಲಿ ಕೂಸನ್ನು ಕೈಗೆ ತೆಗೆದುಕೊಂಡ ಸಿಮೆಯೋನನನ್ನು ಹುಡುಕಿಕೊಂಡು ಬಂದವರಲ್ಲ. ಮಾಡಬೇಕಾದ್ದನ್ನು ಮಾಡಲು ಬಂದರು, ಅಲ್ಲಿ ಅವನು ಸಿಕ್ಕಿದನು.

ಸಿಮೆಯೋನನ ವಿಷಯಕ್ಕೆ ಬರೋಣ. ಚಿತ್ರಗಳಲ್ಲಿ ಅವನು ಬಿಳಿಗಡ್ಡದ ಮುದುಕ; ಸುವಾರ್ತೆ ಅವನ ವಯಸ್ಸನ್ನು ಹೇಳುವುದಿಲ್ಲ. ನೀತಿವಂತನು, ದೇವಭಕ್ತನು, ಇಸ್ರಾಯೇಲಿನ ಸಂತೈಸುವಿಕೆಗಾಗಿ ಕಾಯುತ್ತಿದ್ದವನು ಎನ್ನುತ್ತದೆ, ಅಷ್ಟೇ. ಕರ್ತನು ಕಳುಹಿಸುವ ಕ್ರಿಸ್ತನನ್ನು ಕಾಣುವ ತನಕ ನೀನು ಸಾಯುವುದಿಲ್ಲ ಎಂದು ಪವಿತ್ರಾತ್ಮನು ಅವನಿಗೆ ತಿಳಿಸಿದ್ದನು. ಅವನು ಕೂಸನ್ನು ಕೈಗೆ ತೆಗೆದುಕೊಂಡು, ಒಡೆಯನೇ ಇನ್ನು ನಿನ್ನ ದಾಸನು ಸಮಾಧಾನದಿಂದ ಹೋಗಬಹುದು, ನಿನ್ನ ರಕ್ಷಣೆಯನ್ನು ನನ್ನ ಕಣ್ಣು ಕಂಡಿತು ಎಂಬ ಅರ್ಥದಲ್ಲಿ ಹಾಡುತ್ತಾನೆ.

ಅವನು ಕಂಡದ್ದಾದರೂ ಏನು? 40 ದಿನದ ಒಂದು ಕೂಸು. ಅಂದು ಸಂಜೆಯೂ ಹೆರೋದನು ಸಿಂಹಾಸನದ ಮೇಲೇ ಇದ್ದನು. ರೋಮಿನ ಆಳ್ವಿಕೆ ಒಂದಿಷ್ಟೂ ಸಡಿಲವಾಗಿರಲಿಲ್ಲ. ಪ್ರವಾದಿ ಮಲಾಕಿಯನು ನೀವು ಹುಡುಕುವ ಕರ್ತನು ತನ್ನ ಆಲಯಕ್ಕೆ ಫಕ್ಕನೆ ಬರುವನು, ಅವನು ಅಕ್ಕಸಾಲಿಗನ ಬೆಂಕಿಯ ಹಾಗಿರುವನು ಎಂದಿದ್ದನು. ಬಂದದ್ದು ಹಸಿದರೆ ಅಳುವ ಮಗು. ಆ ಮಗು ಬೆಳೆದು ಬೋಧಿಸಲು ತೊಡಗುವಾಗ ಸುಮಾರು 30 ವರ್ಷವಾಗಿತ್ತು ಎಂದು ಲೂಕನೇ ಮುಂದಿನ ಅಧ್ಯಾಯದಲ್ಲಿ ಹೇಳುತ್ತಾನೆ. ಆ ಬೋಧನೆಯನ್ನಾಗಲಿ, ಒಬ್ಬ ಕುರುಡನಿಗೆ ಕಣ್ಣು ಬಂದುದನ್ನಾಗಲಿ ಸಿಮೆಯೋನನು ಕಂಡ ಸುಳಿವು ಎಲ್ಲಿಯೂ ಇಲ್ಲ. ಆದರೂ ಅವನಿಗೆ ಅಷ್ಟು ಸಾಕಾಯಿತು. ಇಡೀ ಫಲವನ್ನು ಕಾಣದೆ, ಮೊಳಕೆಯನ್ನು ಕಂಡೇ ತೃಪ್ತನಾದನು.

ಅವನು ಮರಿಯಳಿಗೆ ಹೇಳಿದ ಮಾತನ್ನೂ ನೀವು ಓದಬೇಕು. ಅಭಿನಂದನೆಯ ಜೊತೆಯಲ್ಲೇ, ನಿನ್ನ ಪ್ರಾಣಕ್ಕೂ ಕತ್ತಿ ನಾಟುವುದು ಎಂದನು. ಮಗುವನ್ನು ಅರ್ಪಿಸಲು ಬಂದ ತಾಯಿಗೆ ಹೇಳುವ ಮಾತೇ ಅದು ಎಂದು ನನಗೆ ಮೊದಲು ಅನ್ನಿಸುತ್ತಿತ್ತು. ಈಗ ಅದು ದಯೆಯ ಮಾತು ಎನ್ನಿಸುತ್ತದೆ. ಶಿಲುಬೆಯ ಬುಡದಲ್ಲಿ ನಿಂತ ದಿನ, ನಾನು ಎಲ್ಲಿ ತಪ್ಪಿದೆ, ನನ್ನ ವಿಶ್ವಾಸ ಎಲ್ಲಿ ಸಾಲದೆ ಹೋಯಿತು ಎಂದು ಅವಳು ಕೊರಗಬೇಕಾಗಿರಲಿಲ್ಲ. ನೋವು ಬರುವುದೆಂದು ದೇವರ ಮನುಷ್ಯನೊಬ್ಬನು ಮೊದಲೇ ಹೇಳಿದ್ದನು. ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ ಇಲ್ಲೇ ಇದೆ: ಉತ್ತರ ಬಾರದಿರುವುದು ವಿಶ್ವಾಸದ ಕೊರತೆಗೆ ಪುರಾವೆಯಲ್ಲ.

ಆದರೆ ನಾನು ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿದ್ದು ಅನ್ನಳ ಬಳಿಗೆ. ಅವಳಿಗೆ ಮೂರೇ ವಚನ. ಫನುವೇಲನ ಮಗಳು, ಅಶೇರನ ಕುಲದವಳು. ಅಶೇರ ಇಸ್ರಾಯೇಲಿನ ಉತ್ತರ ರಾಜ್ಯದ ಕುಲಗಳಲ್ಲಿ ಒಂದು. ಕ್ರಿಸ್ತಪೂರ್ವ 722ರ ಸುಮಾರಿಗೆ ಅಶ್ಶೂರ್ಯರು ಆ ರಾಜ್ಯವನ್ನು ಮುಗಿಸಿ ಜನರನ್ನು ಸೆರೆಯೊಯ್ದರು. ಚದುರಿಹೋಯಿತೆಂದು ಲೋಕ ಕೈಬಿಟ್ಟ ಕುಲದ ಹೆಣ್ಣುಮಗಳೊಬ್ಬಳು ಇನ್ನೂ ಯೆರೂಸಲೇಮಿನಲ್ಲಿ ಕಾಯುತ್ತಿದ್ದಾಳೆ. ಮದುವೆಯಾಗಿ ಏಳು ವರ್ಷಕ್ಕೆ ಗಂಡ ತೀರಿಕೊಂಡನು. ಆಮೇಲೆ ಒಂಟಿತನ; ಲೂಕನು 84 ವರ್ಷದ ಲೆಕ್ಕ ಕೊಡುತ್ತಾನೆ, ಅದು ಅವಳ ವಯಸ್ಸೋ ವಿಧವೆಯಾಗಿ ಕಳೆದ ವರ್ಷಗಳೋ ಸ್ಪಷ್ಟವಿಲ್ಲ. ದೇವಾಲಯವನ್ನು ಬಿಟ್ಟು ಹೋಗದೆ, ಹಗಲಿರುಳು ಉಪವಾಸ, ಪ್ರಾರ್ಥನೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಸಿಮೆಯೋನನಿಗೆ ವಾಗ್ದಾನ ಸಿಕ್ಕಿತ್ತು. ಅನ್ನಳಿಗೆ ಸಿಕ್ಕಿತ್ತೆಂದು ಎಲ್ಲಿಯೂ ಬರೆದಿಲ್ಲ. ನೀನು ಕಂಡೇ ಕಾಣುತ್ತೀ ಎಂದು ಯಾರೂ ಅವಳಿಗೆ ಹೇಳಿದ ದಾಖಲೆಯಿಲ್ಲ. ಅವಳಿಗಿದ್ದದ್ದು ಎಲ್ಲರಿಗೂ ಇದ್ದ ಪವಿತ್ರಗ್ರಂಥ, ಎಲ್ಲರಿಗೂ ತೆರೆದಿದ್ದ ಅಂಗಳ, ಎಲ್ಲರೂ ಮಾಡಬಹುದಾದ ಪ್ರಾರ್ಥನೆ. ನಮ್ಮಲ್ಲಿ ಬಹುಪಾಲು ಜನರು ಸಿಮೆಯೋನರಲ್ಲ, ಅನ್ನಳಂಥವರು. ದೇವರು ನನಗೆ ಇಂಥದ್ದನ್ನೇ ಕೊಡುತ್ತೇನೆಂದು ಹೇಳಿದ್ದಾರೆ ಎನ್ನಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಇಲ್ಲದ ವಾಗ್ದಾನವನ್ನು ಇದೆಯೆಂದು ಸಾಧಿಸಲು ಹೋಗಿ, ಅದು ನೆರವೇರದಿದ್ದಾಗ ದೇವರ ಮೇಲೂ ತಮ್ಮ ಮೇಲೂ ಮುನಿಸಿಕೊಂಡು ಸಭೆಯನ್ನೇ ಬಿಟ್ಟವರನ್ನು ನಾನು ಬಲ್ಲೆ. ಅವರಿಗೆ ಯಾರಾದರೂ ಅನ್ನಳ ಕಥೆಯನ್ನು ಹೇಳಬೇಕಿತ್ತು.

ನಮ್ಮ ಧಾರವಾಡದ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ನಿವೃತ್ತ ನರ್ಸ್. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಅವರ ಬೈಬಲಿನ ಜೊತೆ ನೀಲಿ ರಟ್ಟಿನ ಒಂದು ನೋಟುಪುಸ್ತಕವಿರುತ್ತದೆ. ಪುಟದ ತುಂಬ ಹೆಸರುಗಳು, ಕೆಲವು ಪೆನ್ಸಿಲಿನಲ್ಲಿ, ಕೆಲವು ಮಾಸಿಹೋದ ಶಾಯಿಯಲ್ಲಿ. ಬೆಳಗ್ಗೆ ಎದ್ದು ಒಂದೊಂದಾಗಿ ಓದಿ ಪ್ರಾರ್ಥಿಸುತ್ತಾರೆ. ಎಲ್ಲಕ್ಕೂ ಮೇಲಿರುವ ಹೆಸರು ಮಗನದು. ಅವನು ಮನೆ ಬಿಟ್ಟು ಹೋದವನು ಇವತ್ತಿಗೂ ತಿರುಗಿ ನೋಡಿಲ್ಲ. ಅವನಿಗಾಗಿ ಪ್ರಾರ್ಥಿಸಿ ದಣಿವಾಗುವುದಿಲ್ಲವೇ ಅಜ್ಜಿ ಎಂದು ಒಮ್ಮೆ ಕೇಳಿದೆ. "ದಣಿವಾಗುತ್ತದಪ್ಪ. ಅದಕ್ಕೇ ಅವನ ಕೆಳಗೆ ಇಷ್ಟು ಜನರನ್ನು ಬರೆದುಕೊಂಡಿದ್ದೇನೆ. ಅವನ ಹೆಸರಿನಿಂದ ಶುರು ಮಾಡಿದರೆ ಉಳಿದವರೆಲ್ಲ ಬರುತ್ತಾರೆ" ಎಂದರು. ಆಸ್ಪತ್ರೆಯಲ್ಲಿ ಯಾರಾದರೂ ಒಂಟಿಯಾಗಿ ಮಲಗಿದ್ದಾರೆಂದು ತಿಳಿದರೆ ಮೊದಲು ಗಂಜಿ ಹೋಗುವುದು ಅವರ ಮನೆಯಿಂದ.

ಅನ್ನಳೂ ಕೂಸನ್ನು ಕಂಡ ಮೇಲೆ ಮಾಡಿದ್ದು ಇದೇ ಬಗೆಯದು. ದೇವರನ್ನು ಕೊಂಡಾಡಿ, ಯೆರೂಸಲೇಮಿನ ಬಿಡುಗಡೆಗಾಗಿ ಕಾಯುತ್ತಿದ್ದ ಎಲ್ಲರೊಂದಿಗೆ ಆ ಮಗುವಿನ ವಿಷಯವಾಗಿ ಮಾತಾಡಿದಳು. ಸಿಮೆಯೋನನ ಹಾಡು ಉಳಿಯಿತು. ಸಭೆಗಳು ಶತಮಾನಗಳಿಂದ ಅದನ್ನು ಸಂಜೆ, ರಾತ್ರಿಯ ಪ್ರಾರ್ಥನೆಗಳಲ್ಲಿ ಹೇಳುತ್ತ ಬಂದಿವೆ. ಅನ್ನಳ ಒಂದು ಮಾತೂ ದಾಖಲಾಗಿಲ್ಲ. ಆದರೆ ಕಾಯುತ್ತಿದ್ದವರು ಯಾರು ಯಾರು, ಎಲ್ಲೆಲ್ಲಿ ಕೂರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ವರ್ಷ ಒಂದೇ ಅಂಗಳದಲ್ಲಿ ಪ್ರಾರ್ಥಿಸಿದವಳಿಗೆ ಗೊತ್ತಿರದೆ ಇರುತ್ತದೆಯೇ?

ನಿಮ್ಮ ಸಭೆಯಲ್ಲೂ ಹಾಗೆ ಕಾಯುತ್ತಿರುವವರು ಇದ್ದಾರೆ, ಸಾಕ್ಷಿಯ ಸಮಯದಲ್ಲಿ ನಿಮ್ಮ ಹಾಗೆಯೇ ತಲೆ ತಗ್ಗಿಸಿ ಕೂರುತ್ತಾರೆ. ಅವರಲ್ಲಿ ಒಬ್ಬರನ್ನು ಗುರುತಿಸಿ, ಆರಾಧನೆಯ ನಂತರ ಮಾತಾಡಿಸಿ. ಅವರ ಹೆಸರನ್ನು ನಿಮ್ಮ ಪ್ರಾರ್ಥನೆಗೆ ಸೇರಿಸಿಕೊಳ್ಳಿ, ನಿಮ್ಮದನ್ನು ಅವರಿಗೆ ಕೊಡಿ. ಧೈರ್ಯ ಬಂದ ದಿನ ಎದ್ದು ನಿಂತು, ನನಗೆ ಇನ್ನೂ ಉತ್ತರ ಬಂದಿಲ್ಲ, ಆದರೂ ಪ್ರಾರ್ಥಿಸುತ್ತಿದ್ದೇನೆ ಎಂದು ಹೇಳಿ. ಅದೂ ಸಾಕ್ಷಿಯೇ. ನನ್ನ ಮಟ್ಟಿಗೆ, ಅದಕ್ಕಿಂತ ಬಲವಾದ ಸಾಕ್ಷಿ ಕಡಿಮೆ.

ನಿಮ್ಮ ವಿಷಯ ಏನೆಂದು ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಆದರೆ ಒಂದು ಮಾತನ್ನು ಹೇಳದೆ ಮುಗಿಸಲಾರೆ. ಕಾಯುವುದು ಎಂದರೆ ಕೈಕಟ್ಟಿ ಕೂರುವುದು ಎಂದು ಈ ಕಥೆಯಿಂದ ಯಾರೂ ತಿಳಿಯಬಾರದು. ಇದೇ ಯೇಸುವಿನ ಬಾಲ್ಯದ ಕಥೆಯಲ್ಲಿ, ಮತ್ತಾಯನ 2ನೇ ಅಧ್ಯಾಯದಲ್ಲಿ, ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಾನೆಂದು ತಿಳಿದಾಗ ಯೋಸೇಫನು ಬೆಳಗಾಗಲೆಂದು ಕಾಯಲಿಲ್ಲ. ರಾತ್ರಿಯಲ್ಲೇ ಎದ್ದು, ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಐಗುಪ್ತದ ದಾರಿ ಹಿಡಿದನು. ಆದ್ದರಿಂದ ನಿಮ್ಮದು ಕಾಯಿಲೆಯಾಗಿದ್ದರೆ ಔಷಧಿಯನ್ನು ನಿಲ್ಲಿಸಬೇಡಿ, ನಿಲ್ಲಿಸೆಂದವರ ಮಾತನ್ನು ಕೇಳಬೇಡಿ. ಮನಸ್ಸು ಕುಗ್ಗಿ ರಾತ್ರಿ ನಿದ್ದೆ ಬಾರದಿದ್ದರೆ ಅದಕ್ಕೂ ವೈದ್ಯರಿದ್ದಾರೆ. ಮನೆಯಲ್ಲಿ ನಿಮ್ಮ ಮೇಲೆ ಯಾರಾದರೂ ಕೈ ಮಾಡುತ್ತಿದ್ದರೆ, ಸಹಿಸಿಕೊಂಡು ಪ್ರಾರ್ಥಿಸು ಎಂಬ ಸಲಹೆಗೆ ಕಿವಿಗೊಡದೆ ಇವತ್ತೇ ಅಲ್ಲಿಂದ ಹೊರಬನ್ನಿ. ಒಬ್ಬರೇ ಹೋಗಲು ಅಂಜಿಕೆಯಾದರೆ, ನಿಮ್ಮ ಮಾತನ್ನು ನಂಬುವ ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.