ಶಾಲೆ ಖಾಲಿ, ದೇಶ ಭರ್ತಿ: ಎರಡೂ ನಿಜ ಮೇಷ್ಟ್ರೇ

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಈ ಸಲ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ಸಾರ ಇಷ್ಟು. ಅವರು ಪಾಠ ಮಾಡಿದ ಶಾಲೆಯಲ್ಲಿ ಒಂದು ಕಾಲಕ್ಕೆ ಒಂದನೇ ಕ್ಲಾಸಿಗೇ ಎರಡು ಸೆಕ್ಷನ್ ಇತ್ತು, ಈಗ ಇರುವುದು ಹನ್ನೊಂದು ಮಕ್ಕಳು. ಮಗಳು ಬೆಂಗಳೂರಿನಲ್ಲಿದ್ದಾಳೆ, ಮಗ ಕೆನಡಾದಲ್ಲಿ. ಓಣಿಯಲ್ಲಿ ಮೂರು ಮನೆಗೆ ಬೀಗ. ‘ಆದರೂ ಪೇಪರ್ ತೆಗೆದರೆ ಜನಸಂಖ್ಯೆಯಲ್ಲಿ ನಾವು ಚೀನಾವನ್ನು ಹಿಂದೆ ಹಾಕಿದೆವು ಅಂತ ಬರೀತೀರಿ. ಜನ ಎಲ್ಲಿದ್ದಾರೆ ಸ್ವಾಮಿ? ಸಂಜೆ ಮಂಡಕ್ಕಿ ಅಂಗಡಿ ಹತ್ತಿರ ಕೂತಾಗ ಗೆಳೆಯರೊಬ್ಬರು, ಹೊರದೇಶದವರು ಬಂದು ತುಂಬ್ಕೊಂಡಿದ್ದಾರೆ ಅಂತ ವಾದ ಮಾಡ್ತಾರೆ. ಏನು ಹೇಳಲಿ?’ ಕೊನೆಯ ಸಾಲಿನಲ್ಲಿ ಇನ್ನೊಂದು ಪ್ರಶ್ನೆ: ‘ಜನಗಣತಿಯವರು ಬಂದಾಗ ಮಗನ ಹೆಸರು ಬರೆಸಬೇಕೋ ಬೇಡವೋ?’

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಶಾಲೆ ಖಾಲಿಯಾಗಿರುವುದು ನಿಜ. ದೇಶದಲ್ಲಿ ಜನ ಹೆಚ್ಚುತ್ತಿರುವುದೂ ನಿಜ. ನಿಮ್ಮ ಗೆಳೆಯರ ವಾದ ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಅವರ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಮಾರಿಕಣಿವೆಗೆ ಹೋಗಿಬರೋಣ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜನ ಹಿರಿಯೂರಿಗೆ ಜಾತ್ರೆಗೆ ಹೋದ ಹಾಗೆ ಹೋಗಿದ್ದರು, ನೀವೂ ಹೋಗಿರುತ್ತೀರಿ. ಆ ಕೆರೆಗೆ ವೇದಾವತಿ ನೀರು ತರುತ್ತದೆ. ನಾಲೆ ಮತ್ತು ಬಿಸಿಲು ನೀರು ಒಯ್ಯುತ್ತವೆ. 2019ರಿಂದ ಭದ್ರಾ ನೀರನ್ನೂ ಎತ್ತಿ ಅದಕ್ಕೆ ಹರಿಸುತ್ತಿದ್ದಾರೆ. ದೇಶದ ಜನಸಂಖ್ಯೆಯ ಲೆಕ್ಕವೂ ಇಷ್ಟೇ ಸರಳ. ಹೋದ ವರ್ಷ ಇದ್ದ ಜನಕ್ಕೆ ಹುಟ್ಟಿದವರನ್ನು ಕೂಡಿ, ಸತ್ತವರನ್ನು ಕಳೆಯಿರಿ. ಹೊರದೇಶದಿಂದ ಬಂದು ನೆಲೆಸಿದವರನ್ನು ಕೂಡಿ, ಬಿಟ್ಟು ಹೋದವರನ್ನು ಕಳೆಯಿರಿ. ಎರಡನೇ ಕ್ಲಾಸಿನ ಹುಡುಗನೂ ಮಾಡುವ ಲೆಕ್ಕ, ಅಲ್ವಾ?

ಜರ್ಮನಿಯನ್ನೇ ನೋಡಿ. 1972ರಿಂದ ಒಂದು ವರ್ಷವೂ ತಪ್ಪದೆ ಅಲ್ಲಿ ಹುಟ್ಟಿಗಿಂತ ಸಾವೇ ಜಾಸ್ತಿ. ಅಂದರೆ ವೇದಾವತಿ ಬತ್ತಿ ಐವತ್ತು ವರ್ಷ ದಾಟಿತು. ಆಗ ಎರಡೂ ಜರ್ಮನಿ ಸೇರಿ 7.9 ಕೋಟಿ ಜನ ಇದ್ದರು, ಈಗ 8.3 ಕೋಟಿ ಇದ್ದಾರೆ. ಕೆರೆ ತುಂಬಿದ್ದು ಭದ್ರಾ ನೀರಿನಿಂದ: ಟರ್ಕಿಯಿಂದ, ಪೂರ್ವ ಯುರೋಪಿನಿಂದ, ಸಿರಿಯಾದಿಂದ ಬಂದ ಜನರಿಂದ. ನಿಮ್ಮ ಮಗ ಇರುವ ಕೆನಡಾದ್ದೂ ಇದೇ ಕತೆ. 2023ರಲ್ಲಿ ಅಲ್ಲಿ ಹೆಚ್ಚಾದ ಜನರಲ್ಲಿ ನೂರಕ್ಕೆ ಸುಮಾರು 98 ಪಾಲು ವಲಸೆಯಿಂದ ಆದದ್ದು. ಆ ವರ್ಷ ನಮ್ಮ ಜಿಲ್ಲೆಯಿಂದ ಹೋದ ಹುಡುಗರೂ ಆ ಲೆಕ್ಕದಲ್ಲಿ ಸೇರಿದ್ದಾರೆ.

ಆದರೆ ಕೆರೆಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ನೀರಿಗೆ ವಯಸ್ಸಿಲ್ಲ, ಜನಕ್ಕೆ ಇದೆ. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ.

ನನ್ನ ಅಜ್ಜಿ ಜಗಳೂರು ಕಡೆಯವಳು. ಒಂಬತ್ತು ಹೆತ್ತಳು, ಮೂರನ್ನು ಮಣ್ಣು ಮಾಡಿದಳು. ಉಳಿದ ಆರರಲ್ಲಿ ಮೂರು ಹೆಣ್ಣು, ಮೂರು ಗಂಡು. ನನ್ನ ಅವ್ವನೂ ಇಬ್ಬರು ಚಿಕ್ಕಮ್ಮಂದಿರೂ ಎರಡೆರಡು ಹೆತ್ತು ಆಪರೇಷನ್ ಮಾಡಿಸಿಕೊಂಡರು. ಈಗ ಲೆಕ್ಕ ಹಾಕಿ. ಅಜ್ಜಿ ಒಬ್ಬಳಿಂದ ಆರು ಜನ ಉಳಿದರು. ಅವಳ ಮೂವರು ಹೆಣ್ಣುಮಕ್ಕಳಿಂದ ಮತ್ತೆ ಆರು ಜನ. ತಲಾ ಹೆರುವುದು ಇಷ್ಟು ಇಳಿದರೂ ಮನೆಯಲ್ಲಿ ಮಕ್ಕಳ ಸಂಖ್ಯೆ ಇಳಿಯಲಿಲ್ಲ. ತಾಯಂದಿರೇ ಜಾಸ್ತಿಯಾಗಿದ್ದರಲ್ಲ! ಅದರ ಮೇಲೆ ಅಜ್ಜಿ ತೊಂಬತ್ತು ದಾಟಿ ಬದುಕಿದಳು. ಒಂದೇ ಸೂರಿನಡಿ ನಾಲ್ಕು ತಲೆಮಾರು. ಊಟಕ್ಕೆ ಎರಡು ಪಂಕ್ತಿ ಆಗುತ್ತಿತ್ತು.

ದೇಶದ ಮಟ್ಟದಲ್ಲೂ ಆದದ್ದು ಇದೇ. 1971ರ ಹೊತ್ತಿಗೆ ಭಾರತದ ಹೆಂಗಸು ಸರಾಸರಿ ಐದಕ್ಕೂ ಹೆಚ್ಚು ಮಕ್ಕಳನ್ನು ಹೆರುತ್ತಿದ್ದಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು 2.0ಕ್ಕೆ ಬಂತು. ಕರ್ನಾಟಕದಲ್ಲಿ ಇನ್ನೂ ಕಡಿಮೆ, 1.7. ಅಪ್ಪ ಅಮ್ಮನ ಜಾಗ ತುಂಬಲು 2.1 ಬೇಕು. ಆ ಗೆರೆಯನ್ನು ನಾವು ಆಗಲೇ ದಾಟಿ ಕೆಳಗೆ ಇಳಿದಿದ್ದೇವೆ. ಆದರೂ ಎಂಬತ್ತು, ತೊಂಬತ್ತರ ದಶಕದಲ್ಲಿ ಹುಟ್ಟಿದ ದೊಡ್ಡ ಹಿಂಡು ಈಗ ತಾಯಿ ತಂದೆ ಆಗಿದೆ. ಅವರು ಒಂದೋ ಎರಡೋ ಹೆತ್ತರೂ ಒಟ್ಟು ಹುಟ್ಟು ಸಾವಿಗಿಂತ ಮೇಲೆಯೇ ಇರುತ್ತದೆ. 2020ರ ಲೆಕ್ಕದಲ್ಲಿ ದೇಶದಲ್ಲಿ ಸಾವಿರ ಜನಕ್ಕೆ 19.5 ಹುಟ್ಟು, 6 ಸಾವು. ಓಡುತ್ತಿರುವ ಲಾರಿಗೆ ಬ್ರೇಕ್ ಹಾಕಿದ ತಕ್ಷಣ ನಿಲ್ಲುತ್ತದೆಯೇ? ನಿಮ್ಮ ಶಾಲೆಗೆ ಬ್ರೇಕ್ ಮೊದಲು ತಗುಲಿದೆ, ಯಾಕೆಂದರೆ ಒಂದನೇ ಕ್ಲಾಸಿಗೆ ಬರುವುದು ಆರು ವರ್ಷದವರು ಮಾತ್ರ. ಮಿಕ್ಕ ದೇಶದಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ. (ಹನ್ನೊಂದಕ್ಕೆ ಇಳಿಯಲು ಪಕ್ಕದ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸೂ ಸ್ವಲ್ಪ ಕಾರಣ ಇರಬಹುದು, ಅದನ್ನು ನೀವೇ ಬಲ್ಲಿರಿ.)

ಹೆರುವುದು ಕಡಿಮೆಯಾದದ್ದು ಯಾರದೋ ಆಜ್ಞೆಯಿಂದ ಅಂತ ನಾನು ನಂಬುವುದಿಲ್ಲ. 1951ರ ಸುಮಾರಿಗೆ ಸಾವಿರ ಕೂಸುಗಳಲ್ಲಿ 146 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರಲ್ಲಿ ಅದು 28. ಹೆತ್ತದ್ದು ಉಳಿಯುತ್ತದೆ ಅಂತ ಧೈರ್ಯ ಬಂದ ಮೇಲೆ ಜನ ತಾವಾಗಿಯೇ ನಿಲ್ಲಿಸಿದರು. ಹುಡುಗಿಯರು ಹೈಸ್ಕೂಲು, ಕಾಲೇಜು ಮುಟ್ಟಿದರು, ಮದುವೆ ತಡವಾಯಿತು. ಹಾಗಂತ ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲಿ ಮೊದಲು ನಮ್ಮ ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಇದನ್ನು ನಮ್ಮವರೇ ಮರೆತಿದ್ದಾರೆ.

ಇನ್ನು ಸಾವಿನ ಲೆಕ್ಕ. ಇದರಲ್ಲಿ ಒಂದು ತಮಾಷೆ ಇದೆ. ಜಪಾನಿನವರು ಸರಾಸರಿ 84 ವರ್ಷ ಬದುಕುತ್ತಾರೆ, ನಾವು 70ರ ಆಸುಪಾಸು. ಆದರೆ ಸಾವಿರ ಜನಕ್ಕೆ ಸಾಯುವವರು ಅಲ್ಲಿ 13ರ ಹತ್ತಿರ, ಇಲ್ಲಿ ಆರು. ಅಲ್ಲಿನ ಆಸ್ಪತ್ರೆ ಕೆಟ್ಟದ್ದೇ? ಅಲ್ಲ. ಅಲ್ಲಿ ಮುದುಕರು ಜಾಸ್ತಿ, ಅಷ್ಟೇ. 2024ರಲ್ಲಿ ಅಲ್ಲಿ ಹುಟ್ಟಿದ್ದು 7 ಲಕ್ಷಕ್ಕೂ ಕಡಿಮೆ, ಸತ್ತವರು 16 ಲಕ್ಷ. ದುಬೈ ಕಡೆ ಸಾವಿನ ಪ್ರಮಾಣ ನಮಗಿಂತಲೂ ಕಡಿಮೆ. ಅಲ್ಲಿ ಇರುವವರಲ್ಲಿ ಹೆಚ್ಚಿನವರು ದುಡಿಯಲು ಹೋದ ಪ್ರಾಯದವರು. ವಯಸ್ಸಾದ ಮೇಲೆ ಅವರು ಸಾಯುವುದು ಕೇರಳದಲ್ಲೋ ಮಂಗಳೂರಿನಲ್ಲೋ. ವಲಸೆ ಹೋದವರು ಬರೀ ತಲೆ ಎಣಿಕೆಯನ್ನು ಬದಲಿಸುವುದಿಲ್ಲ ನೋಡಿ, ಎರಡೂ ಊರಿನ ಹುಟ್ಟು ಸಾವನ್ನೂ ಬದಲಿಸುತ್ತಾರೆ.

ಹಳೆಯ ಎರಡು ಕ್ಷಾಮಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಇದು ಚೆನ್ನಾಗಿ ಅರ್ಥವಾಯಿತು. 1876–78ರ ಬರ ನಿಮಗೆ ಗೊತ್ತು. ಚಿತ್ರದುರ್ಗ, ದಾವಣಗೆರೆ ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ ಎಣಿಸಿದಾಗ 42 ಲಕ್ಷ. ಹಸಿವಿನಲ್ಲಿ ಸಾವು ಏರಿತು, ಹುಟ್ಟೂ ಕುಸಿಯಿತು. ಆದರೂ 1901ರ ಹೊತ್ತಿಗೆ 55 ಲಕ್ಷ! ಇಪ್ಪತ್ತೇ ವರ್ಷದಲ್ಲಿ ಗುಂಡಿ ತುಂಬಿತು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೊಂದು ಹತ್ತು ಲಕ್ಷ ಹಡಗು ಹತ್ತಿ ಹೋದರು. ಕ್ಷಾಮ ಮುಗಿದ ಮೇಲೂ ಹಡಗು ಹತ್ತುವುದು ನಿಲ್ಲಲಿಲ್ಲ. 1841ರಲ್ಲಿ ಆ ದ್ವೀಪದಲ್ಲಿ ಸುಮಾರು 82 ಲಕ್ಷ ಜನ ಇದ್ದರು. ಇವತ್ತಿಗೂ ಆ ಸಂಖ್ಯೆ ಮುಟ್ಟಿಲ್ಲ. ಹಡಗು ಹತ್ತಿದವರು ಇಪ್ಪತ್ತರ ಹುಡುಗ ಹುಡುಗಿಯರು. ಮುಂದೆ ಅವರಿಗೆ ಹುಟ್ಟಬೇಕಿದ್ದ ಮಕ್ಕಳೂ ಅವರ ಜೊತೆಗೇ ಹೋದವು.

ಈಗ ನಿಮ್ಮ ಗೆಳೆಯರ ವಾದ. ವಿಶ್ವಸಂಸ್ಥೆಯ 2020ರ ಅಂದಾಜಿನಲ್ಲಿ ಭಾರತದಲ್ಲಿ ಹುಟ್ಟಿ ಹೊರದೇಶದಲ್ಲಿ ಇರುವವರು ಸುಮಾರು 1.8 ಕೋಟಿ. ಯಾವ ದೇಶದ್ದೂ ಇಷ್ಟಿಲ್ಲ. ಹೊರದೇಶದಲ್ಲಿ ಹುಟ್ಟಿ ಇಲ್ಲಿ ಇರುವವರು ಅರ್ಧ ಕೋಟಿಗಿಂತ ಕಡಿಮೆ. ಅಂದರೆ ನಾವು ಜನ ತರಿಸಿಕೊಳ್ಳುವ ದೇಶವಲ್ಲ, ಕಳಿಸುವ ದೇಶ. ನೂರನಲವತ್ತು ಕೋಟಿಯ ಎದುರು ಆ ಕಳಿಸುವುದೂ ಜುಜುಬಿ. ನಮ್ಮ ಸಂಖ್ಯೆ ಏರಿದ್ದು ಹುಟ್ಟು ಸಾವಿನ ಅಂತರದಿಂದಲೇ. ಗೆಳೆಯರು ಕಟ್ಟಡದ ಕೆಲಸದ ಹತ್ತಿರ ನೋಡುವ ಬಿಹಾರದ, ಒಡಿಶಾದ ಹುಡುಗರು ದೇಶದ ಒಳಗೇ ಜಾಗ ಬದಲಿಸಿದವರು. ಹರಪನಹಳ್ಳಿ, ಜಗಳೂರಿನಿಂದ ನಮ್ಮವರು ಕಾಫಿ ಸೀಮೆಗೆ, ಬೆಂಗಳೂರಿಗೆ ಗುಳೆ ಹೋಗುವುದಿಲ್ಲವೇ? ಹಾಗೆಯೇ ಇದೂ. ಬೇಕಾದರೆ ಅವರಿಗೆ ಇದನ್ನೂ ಹೇಳಿ: ಊರಿಗೆ ಹೆಸರು ತಂದ ಬೆಣ್ಣೆ ದೋಸೆಯನ್ನು ಶುರುಮಾಡಿದ್ದು ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ಅಂತ ದಾವಣಗೆರೆಯ ಹಿರಿಯರೇ ಹೇಳುತ್ತಾರೆ.

ದೇಶದೊಳಗಿನ ಈ ಓಡಾಟ ದೇಶದ ಮೊತ್ತವನ್ನು ಮುಟ್ಟುವುದಿಲ್ಲ, ಜಿಲ್ಲೆಯ ಮೊತ್ತವನ್ನು ಮಾತ್ರ ಅಲ್ಲಾಡಿಸಿಬಿಡುತ್ತದೆ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ನೂರಕ್ಕೆ 47ರಷ್ಟು ಬೆಳೆಯಿತು. ದಾವಣಗೆರೆ ಜಿಲ್ಲೆ 9ನ್ನೂ ಮುಟ್ಟಲಿಲ್ಲ. ಚಿಕ್ಕಮಗಳೂರಿನಲ್ಲಂತೂ ಜನ ಇಳಿದೇ ಹೋದರು. ನಿಮ್ಮ ಓಣಿಯ ಮೂರು ಬೀಗದ ಕೀಲಿಗಳು ಬೆಂಗಳೂರಿನಲ್ಲೇ ಇರಬೇಕು.

ಹೋಗಿ ಬರುವವರ ಲೆಕ್ಕ ಬೇರೆ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನ ಕೂದಲೆಣ್ಣೆ, ಗಿಡಮೂಲಿಕೆ ಮಾರಲು ಆಫ್ರಿಕಾವರೆಗೂ ಹೋಗುತ್ತಾರೆ. 2023ರಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳನ್ನು ‘ಆಪರೇಷನ್ ಕಾವೇರಿ’ಯಲ್ಲಿ ವಾಪಸ್ ಕರೆತಂದರು. ಹನ್ನೆರಡು ತಿಂಗಳಾದರೂ ಇನ್ನೊಂದು ದೇಶದಲ್ಲಿ ನಿಂತರೆ ಮಾತ್ರ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅದು ದೀರ್ಘಕಾಲದ ವಲಸೆ. ಆರು ತಿಂಗಳು ಎಣ್ಣೆ ಮಾರಿ ಬಂದರೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನು ಕೊನೆಯ ಪ್ರಶ್ನೆ. 2021ರ ಜನಗಣತಿ ನಡೆಯಲೇ ಇಲ್ಲ. ಮುಂದಿನದಕ್ಕೆ ಲೆಕ್ಕದ ದಿನ ಅಂತ ಸರ್ಕಾರ ಗೊತ್ತುಮಾಡಿರುವುದು 2027ರ ಮಾರ್ಚ್ 1. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಮನೆ ಮನೆ ಸುತ್ತಿದರು. ಕೊನೆಯ ದಿನ ರಾತ್ರಿ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದವರನ್ನೂ ಬಿಡದೆ ಎಣಿಸಿದರು. ಆಗಿನ ನಿಯಮವೇ ಇದ್ದರೆ ಎಣಿಕೆಯ ದಿನಗಳಲ್ಲಿ ಪೂರ್ತಿ ಹೊರದೇಶದಲ್ಲಿರುವ ಮಗನ ಹೆಸರು ಬರೆಸುವ ಹಾಗಿಲ್ಲ. ಅವನನ್ನು ಕೆನಡಾ ಎಣಿಸಿಕೊಳ್ಳುತ್ತದೆ. ಮಗಳು ಬೆಂಗಳೂರಿನ ಲೆಕ್ಕ. ನೀವೂ ಅಮ್ಮನವರೂ ದಾವಣಗೆರೆಯ ಲೆಕ್ಕ. ಆದರೆ ಒಂದು ಮಾತು ಮೇಷ್ಟ್ರೇ. ಮೊಮ್ಮಗಳನ್ನು ನೋಡಲು ಆ ದಿನಗಳಲ್ಲೇ ಬೆಂಗಳೂರಿಗೆ ಹೋಗಿ, ಎಣಿಕೆ ಮುಗಿಯುವವರೆಗೂ ಅಲ್ಲೇ ಉಳಿದುಬಿಟ್ಟರೆ ನಿಮ್ಮಿಬ್ಬರನ್ನೂ ಅಲ್ಲೇ ಎಣಿಸಿಬಿಡುತ್ತಾರೆ. ನಡುವೆ ಒಂದೆರಡು ದಿನವಾದರೂ ಊರಿಗೆ ಬಂದು ಬಾಗಿಲು ತೆಗೆದಿರಿ.

— ಸಂ.