ಪ್ರಾರ್ಥನೆ ಮುಗಿಯದ ರಾತ್ರಿಗಳು: ನಂಬಿಕೆ ಆಧರಿಸಿದ ಆಪ್ತಸಲಹೆಯ ಒಂದು ಪ್ರಕರಣ

(ಆಕೆಯ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಆಕೆ ಪ್ರೈಮರಿ ಶಾಲೆಯ ಶಿಕ್ಷಕಿ. ವಯಸ್ಸು ಮೂವತ್ತರ ಒಳಗೆ. ಧಾರವಾಡ ಕಡೆಯ ಮನೆತನ, ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತ ಸಭೆಯವರು, ಅಂದರೆ ಚರ್ಚಿನವರು. ಅಜ್ಜಿ ಕೈಹಿಡಿದು ಸಂಡೇ ಸ್ಕೂಲಿಗೆ ಕರೆದೊಯ್ದ ಹುಡುಗಿ. ದೊಡ್ಡವಳಾದ ಮೇಲೆ ತಾನೂ ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆಪ್ತಸಲಹೆಗೆ ನನ್ನ ಹತ್ತಿರ ಬರುವ ಹೊತ್ತಿಗೆ ಅದನ್ನು ಬಿಟ್ಟಿದ್ದಳು. ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ) ಹೋಗುವುದನ್ನೂ ಬಿಟ್ಟು ವರ್ಷದ ಮೇಲಾಗಿತ್ತು.

ಶುರುವಾದದ್ದು ಒಂದು ಭಾನುವಾರ. ಆ ಭೋಜನದ ಪಾತ್ರೆ ಕೈಗೆ ಬರುವ ಹೊತ್ತಿಗೆ ಯೇಸುವಿನ ಬಗ್ಗೆ ಒಂದು ಕೆಟ್ಟ ಮಾತು ಮನಸ್ಸಿನಲ್ಲಿ ಹಾದುಹೋಯಿತು. ಆಕೆ ಬೇಕಂತ ಯೋಚಿಸಿದ್ದಲ್ಲ. ಆದರೆ ಮನೆಗೆ ಬಂದು ಮಾರ್ಕನ ಸುವಾರ್ತೆಯ ಮೂರನೇ ಅಧ್ಯಾಯ ತೆಗೆದಳು. ಪವಿತ್ರಾತ್ಮನನ್ನು ದೂಷಿಸಿದವನಿಗೆ ಕ್ಷಮೆಯೇ ಇಲ್ಲ ಎಂಬ ಮಾತು ಅಲ್ಲಿದೆ. ಅವತ್ತಿನಿಂದ ನಿದ್ದೆ ಹೋಯಿತು.

ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ಮುಗಿಯುತ್ತಲೇ ಇರಲಿಲ್ಲ. ಮಧ್ಯೆ ಮನಸ್ಸು ಆಚೀಚೆ ಹೋದರೆ ಮತ್ತೆ ಮೊದಲಿಂದ. 'ಆಮೆನ್' ಅನ್ನುವಾಗ ಆ ಕೆಟ್ಟ ಮಾತು ನೆನಪಾದರೆ ಮತ್ತೆ ಮೊದಲಿಂದ. ಶಾಲೆಯಲ್ಲಿ ಪಾಠದ ನಡುವೆ ಬಾತ್‌ರೂಮಿಗೆ ಹೋಗಿ ಗೋಡೆಗೆ ಹಣೆ ಒತ್ತಿ ಕ್ಷಮೆ ಕೇಳುತ್ತಿದ್ದಳು. ದಿನದ ಪಾಪಗಳನ್ನೆಲ್ಲ ಫೋನಿನಲ್ಲಿ ಬರೆದಿಡುತ್ತಿದ್ದಳು, ರಾತ್ರಿ ಒಂದೂ ತಪ್ಪಿಹೋಗಬಾರದೆಂದು. ಆ ಪಟ್ಟಿ ನನಗೆ ತೋರಿಸಿದಳು. 'ಹಾಡುವಾಗ ಸ್ವರದ ಬಗ್ಗೆ ಹೆಮ್ಮೆ', 'ಅನುಮಾನ, ಬಸ್ಸಿನಲ್ಲಿ', 'ಅದೇ ಮಾತು, ಮತ್ತೆ'. ಸ್ಕ್ರೀನ್ ಎಷ್ಟು ಸರಿಸಿದರೂ ಮುಗಿಯಲಿಲ್ಲ.

ಮನೆಯವರು ಸುಮ್ಮನೆ ಕೂತಿರಲಿಲ್ಲ. ಉಪವಾಸ ಪ್ರಾರ್ಥನೆ ಆಯಿತು. ಯಾರೋ ಹೇಳಿದರೆಂದು ಬೇರೆ ಊರಿನಲ್ಲಿ ವಿಮೋಚನಾ ಪ್ರಾರ್ಥನೆಯೂ ಆಯಿತು. ಆಕೆಯಲ್ಲಿ ದುರಾತ್ಮ ಇದೆ ಅಂತ ಅಲ್ಲಿ ಹೇಳಿದರು. ಕೆಟ್ಟ ಯೋಚನೆಗೆ ಹೆದರುತ್ತಿದ್ದ ಹುಡುಗಿ ಅಲ್ಲಿಂದ ತನಗೇ ಹೆದರಲು ಶುರುಮಾಡಿದಳು.

ಹಾಗೆ ಬಂದವಳು ಮೊದಲ ದಿನವೇ ಕೇಳಿದಳು: "ನೀವೂ ಸಭೆಯವರು ಅಂತ ಗೊತ್ತಾಗಿ ಬಂದೆ. ದೇವರು ನನ್ನನ್ನು ಕ್ಷಮಿಸಿದ್ದಾನಾ ಇಲ್ವಾ, ಅಷ್ಟು ಹೇಳಿ ಸಾಕು."

ನಂಬಿಕೆ ಆಧರಿಸಿದ ಆಪ್ತಸಲಹೆ ಅಂದರೆ ಹೆಚ್ಚಿನವರು ಹೀಗೇ ಅಂದುಕೊಂಡಿರುತ್ತಾರೆ. ಒಂದು ವಾಕ್ಯ ಓದುತ್ತಾರೆ, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಧೈರ್ಯ ಹೇಳಿ ಕಳಿಸುತ್ತಾರೆ ಅಂತ. ಇನ್ನು ಕೆಲವರಿಗೆ ತಮ್ಮ ವಿಷಯ ಸಭೆಯಲ್ಲಿ ಹರಡುತ್ತದೆ ಎಂಬ ಭಯ. ಅದಕ್ಕೇ ಮೊದಲ ಭೇಟಿಯಲ್ಲಿ ನಾನು ಕೆಲವು ಮಾತು ಬರವಣಿಗೆಯಲ್ಲಿ ಕೊಡುತ್ತೇನೆ. ನೀವು ಹೇಳಿದ್ದು ನಿಮ್ಮ ಸಭಾಪಾಲಕರಿಗೂ (ಪಾದ್ರಿಗೂ) ಹೋಗುವುದಿಲ್ಲ, ನಿಮ್ಮ ತಾಯಿಗೂ ಹೋಗುವುದಿಲ್ಲ, ನೀವು ಸಹಿ ಮಾಡಿ ಒಪ್ಪಿದರೆ ಮಾತ್ರ ಹೋಗುತ್ತದೆ. ಜೀವಕ್ಕೆ ಅಪಾಯ ಇದ್ದರೆ, ಕೋರ್ಟ್ ಕೇಳಿದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಗುಟ್ಟು ಇಡಲು ಆಗುವುದಿಲ್ಲ. ಕೊನೆಯದನ್ನು ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ನೀವು ಕೇಳಿದರಷ್ಟೇ ಪ್ರಾರ್ಥನೆ. ಯಾರನ್ನೂ ಯಾವ ಧರ್ಮಕ್ಕೂ ಸಭೆಗೂ ಸೇರಿಸುವ ಕೆಲಸ ಇಲ್ಲಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಿ ಅಂತ ಯಾವತ್ತೂ ಹೇಳುವುದಿಲ್ಲ.

ಆಮೇಲೆ ಪ್ರಶ್ನೆಗಳು. ಯಾವಾಗಿಂದ, ಎಷ್ಟು ಹೊತ್ತು, ಊಟ, ನಿದ್ದೆ, ಕೆಲಸ. ಸಾಯಬೇಕು ಅನಿಸಿದೆಯಾ ಅಂತ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆಕೆ, "ಸತ್ತರೆ ನೇರ ನರಕ, ಅದಕ್ಕೇ ಬದುಕಿದ್ದೇನೆ" ಅಂದಳು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮುಂದಿನ ಭೇಟಿಯವರೆಗೂ ಯಾರು ಜೊತೆಗಿರುತ್ತಾರೆ, ರಾತ್ರಿ ಕಷ್ಟ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ಅವತ್ತೇ ಬರೆದುಕೊಂಡೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಆ ಹಾಳೆಯ ಮೇಲ್ಗಡೆಯೇ ಇತ್ತು. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ನಂಬಿಕೆಯ ಬಗ್ಗೆ ನಾನು ಎಲ್ಲರಿಗೂ ಕೇಳುವುದು ಇಷ್ಟು: ನಿಮ್ಮ ನಂಬಿಕೆ ನಿಮಗೆ ಎಲ್ಲಿ ಬಲ ಕೊಡುತ್ತದೆ, ಎಲ್ಲಿ ಹೆದರಿಸುತ್ತದೆ? ಆಕೆ ಮೊದಲನೆಯದಕ್ಕೆ ತುಂಬ ಹೊತ್ತು ಯೋಚಿಸಿದಳು. "ಮೊದಲು ಹಾಡುತ್ತಿದ್ದೆ" ಅಂದಳು.

ಇದು ಗೀಳು ಕಾಯಿಲೆ, ಒಸಿಡಿ. ಕೆಲವರಿಗೆ ಅದು ಕೈ ತೊಳೆಯುವ ರೂಪದಲ್ಲಿ ಬರುತ್ತದೆ, ಕೆಲವರಿಗೆ ಬೀಗ ಹಾಕಿದ್ದೇನಾ ಅಂತ ನೋಡುವ ರೂಪದಲ್ಲಿ. ದೈವಭಕ್ತರಲ್ಲಿ ಕೆಲವರಿಗೆ ಪಾಪದ ರೂಪದಲ್ಲಿ ಬರುತ್ತದೆ. ಮಡಿ ಮೈಲಿಗೆಯಲ್ಲಿ ಸಿಕ್ಕಿಕೊಂಡು ದಿನಕ್ಕೆ ಹತ್ತು ಸಲ ಸ್ನಾನ ಮಾಡುವವರು, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಝೂ ಸರಿಯಾಯಿತೋ ಇಲ್ಲವೋ ಅಂತ ಮತ್ತೆ ಮತ್ತೆ ತೊಳೆಯುವವರು, ಎಲ್ಲರದೂ ಇದೇ ಕಷ್ಟ. ಕೆಟ್ಟ ಯೋಚನೆ ಬರುವುದೇ ಕಾಯಿಲೆ ಅಲ್ಲ. 1978ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಡಿ ಸಿಲ್ವಾ ಯಾವ ಕಾಯಿಲೆಯೂ ಇಲ್ಲದ ಜನರನ್ನು ಕೇಳಿ ನೋಡಿದರು. ನೂರಕ್ಕೆ ಸುಮಾರು 80 ಜನರಿಗೆ ಇಂಥ ಬೇಡದ ಯೋಚನೆಗಳು ಬರುತ್ತಿದ್ದವು. ಅವರು ಅದನ್ನು ಅಲ್ಲಿಗೇ ಬಿಡುತ್ತಾರೆ. ಗೀಳಿನವರು ಹಿಡಿದುಕೊಂಡು ಅರ್ಥ ಹುಡುಕುತ್ತಾರೆ, ಅಳಿಸಲು ಹೋಗುತ್ತಾರೆ. ಕೆರೆದಷ್ಟೂ ತುರಿಕೆ ಜಾಸ್ತಿ ಆಗುವ ಹಾಗೆ, ಕ್ಷಮೆ ಕೇಳಿದಷ್ಟೂ ಅನುಮಾನ ಜಾಸ್ತಿ ಆಗುತ್ತದೆ.

ಆಕೆಗೆ ನಾನು ಲೂಥರನ ವಿಷಯವನ್ನೂ ಹೇಳಿದೆ. 1505ರಲ್ಲಿ ಜರ್ಮನಿಯ ಎರ್ಫರ್ಟಿನ ಮಠ ಸೇರಿದ ಯುವಕ, ಮುಂದೆ ಪ್ರೊಟೆಸ್ಟೆಂಟ್ ಸಭೆಗಳ ಹುಟ್ಟಿಗೆ ಕಾರಣನಾದ ಮಾರ್ಟಿನ್ ಲೂಥರ್ ತನ್ನ ಹಿರಿಯ ಸ್ಟೌಪಿಟ್ಸ್ ಎದುರು ಗಂಟೆಗಟ್ಟಲೆ ಪಾಪ ಅರಿಕೆ ಮಾಡುತ್ತಿದ್ದ. ಹೊರಗೆ ಬಂದರೆ ಇನ್ನೊಂದು ನೆನಪಾಗುತ್ತಿತ್ತು. ಇವಳು ತುಂಬ ಹೊತ್ತು ಸುಮ್ಮನಿದ್ದು, "ಲೂಥರನಿಗಾ?" ಅಂತ ಕೇಳಿದಳು. ತನ್ನ ಸಭೆಯ ಗೋಡೆಯ ಮೇಲೆ ಫೋಟೋ ಇರುವ ಮನುಷ್ಯನಿಗೂ ಹೀಗೆ ಆಗಿತ್ತು ಎಂಬುದು ಆಕೆಗೆ ನನ್ನ ಯಾವ ಸಮಾಧಾನಕ್ಕಿಂತ ಹೆಚ್ಚು ಮುಟ್ಟಿತು.

ಆದರೆ ಆಕೆ ಕೇಳಿದ ಪ್ರಶ್ನೆಗೆ ಉತ್ತರ? ಒಂದೇ ಸಲ ಕೊಟ್ಟೆ. ಆ ಅಧ್ಯಾಯದಲ್ಲಿ ಯೇಸು ಯಾರಿಗೆ ಆ ಮಾತು ಹೇಳಿದ, ಅವರು ಏನು ಮಾಡುತ್ತಿದ್ದರು ಎಂದು ಇಬ್ಬರೂ ಕೂತು ಓದಿದೆವು. ಅವನಲ್ಲಿ ದುರಾತ್ಮ ಇದೆ ಎಂದು ಜನರೆದುರು ಬೇಕಂತಲೇ ಹೇಳುತ್ತಿದ್ದ ಶಾಸ್ತ್ರಿಗಳು ಅವರು. ಹೆದರಿ ಅಳುತ್ತಿದ್ದವರಲ್ಲ. ನನ್ನ ನಂಬಿಕೆ ಏನೆಂದು ಹೇಳಿದೆ. ಆಮೇಲೆ ಅಂದೆ: "ಈ ಪ್ರಶ್ನೆಗೆ ನಾನು ಇನ್ನು ಉತ್ತರಿಸುವುದಿಲ್ಲ. ಉತ್ತರ ನಿಮಗೆ ಹತ್ತು ನಿಮಿಷ ಹಿತ ಕೊಡುತ್ತದೆ, ಕಾಯಿಲೆಗೆ ಮಾತ್ರ ಊಟ ಆಗುತ್ತದೆ." ಆಕೆಗೆ ಕೋಪ ಬಂತು. ಸಹಜ.

ಮನೋವೈದ್ಯರ ಹತ್ತಿರ ಕಳಿಸಿದೆ. ತಾಯಿಗೆ ಅದು ಕಷ್ಟವಾಯಿತು. ಶುಗರ್ ಮಾತ್ರೆ ನುಂಗುವಾಗ ನಿಮ್ಮ ನಂಬಿಕೆ ಕಡಿಮೆ ಆಗುತ್ತದಾ ಅಂತ ಕೇಳಿದೆ. ಒಪ್ಪಿದರು. ಔಷಧಿ ಗೀಳಿಗೆ ನಾಟುವುದು ಖಿನ್ನತೆಗೆ ನಾಟುವುದಕ್ಕಿಂತ ನಿಧಾನ. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗುತ್ತದೆ. ಇದು ಮೊದಲೇ ಗೊತ್ತಿರದೆ ಎಷ್ಟೋ ಜನ ಮೂರನೇ ವಾರಕ್ಕೇ ಬಿಟ್ಟುಬಿಡುತ್ತಾರೆ.

ಇನ್ನು ನಮ್ಮ ಕೆಲಸ. ಹೆದರಿಕೆಯ ಎದುರು ನಿಲ್ಲುವುದು, ಹೆದರಿಕೆ ಅಳಿಸುವ ಆಚರಣೆ ಮಾಡದಿರುವುದು. ಇದನ್ನು ಇಆರ್‌ಪಿ ಅನ್ನುತ್ತಾರೆ. ನಂಬಿಕೆ ಇರುವವರ ಜೊತೆ ಇದನ್ನು ಮಾಡುವಾಗ ತುಂಬ ಜೋಪಾನ ಬೇಕು. ಆಕೆಯ ಬಾಯಿಂದ ದೂಷಣೆ ಹೇಳಿಸುವುದು ನನ್ನ ಕೆಲಸ ಅಲ್ಲ. ಆಕೆಯ ಸಭೆಯಲ್ಲಿ ಒಬ್ಬ ಸಾಧಾರಣ ಭಕ್ತೆ ಏನು ಮಾಡುತ್ತಾಳೋ ಅಲ್ಲಿಗೆ ಆಕೆ ಬರಬೇಕು, ಅಷ್ಟೇ. ಈ ಗೆರೆ ಎಲ್ಲಿ ಎಂದು ಗೊತ್ತುಮಾಡಲು ಆಕೆಯ ಲಿಖಿತ ಒಪ್ಪಿಗೆ ಪಡೆದು ಸಭಾಪಾಲಕರ ಜೊತೆ ಮಾತಾಡಿದೆ.

ಮೊದಲ ಮೆಟ್ಟಿಲು ಸುಲಭದ್ದು. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಒಂದೇ ಸಲ, ಮನಸ್ಸು ಅಲೆದರೂ ಸರಿ, ಮತ್ತೆ ಹೇಳುವಂತಿಲ್ಲ. ನನ್ನೆದುರಿಗೇ ಹೇಳಿದಳು. 'ನಿನ್ನ ರಾಜ್ಯವು ಬರಲಿ' ಅನ್ನುವಾಗ ತಡವರಿಸಿದಳು. ಮುಗಿಸಿ ಕುರ್ಚಿಯ ಅಂಚು ಹಿಡಿದು ಕೂತಳು, ಬೆರಳ ತುದಿ ಬೆಳ್ಳಗಾಗುವಷ್ಟು ಗಟ್ಟಿಯಾಗಿ. "ಒಂದು ಸಲ ನೀವು ಪ್ರಾರ್ಥನೆ ಮಾಡಿಬಿಡಿ" ಎಂದು ಕೇಳಿದಳು. ಇವತ್ತು ಬೇಡ ಅಂದೆ. ಆಗ ಪ್ರಾರ್ಥಿಸಿದ್ದರೆ ಅದು ಹೆದರಿಕೆಗೆ ಹಚ್ಚುವ ಮುಲಾಮು ಆಗುತ್ತಿತ್ತು. ನಾವು ಸುಮ್ನೆ ಕೂತೆವು. ಅರ್ಧ ಗಂಟೆಯಲ್ಲಿ ಬೆರಳು ಸಡಿಲವಾಯಿತು.

ಆಮೇಲೆ ಫೋನಿನ ಪಟ್ಟಿ ಅಳಿಸುವುದು, ರಾತ್ರಿ ಪ್ರಾರ್ಥನೆ ಐದು ನಿಮಿಷಕ್ಕೆ ಇಳಿಸುವುದು, ಮಾರ್ಕನ ಆ ಅಧ್ಯಾಯವನ್ನು ಒಂದು ಸಲ ಓದಿ ವ್ಯಾಖ್ಯಾನ ಹುಡುಕದಿರುವುದು. ಕರ್ತನ ಭೋಜನ ಕೊನೆಯ ಮೆಟ್ಟಿಲು.

ಸಭೆಯ ಹಿರಿಯರೊಬ್ಬರಿಗೆ ಇದು ತಿಳಿದು ಬೇಜಾರಾಯಿತು. ಕ್ರೈಸ್ತಳಾಗಿ ಪ್ರಾರ್ಥನೆ ಕಡಿಮೆ ಮಾಡು ಅಂತ ಹೇಳುವುದಾ ಎಂದು ಆಕೆಯ ಎದುರೇ ಅಂದರಂತೆ. ನಾನು ಇದನ್ನು ಗಟ್ಟಿಯಾಗಿ ನಂಬುತ್ತೇನೆ: ಕಾಯಿಲೆ ಆಕೆಯ ಪ್ರಾರ್ಥನೆಯನ್ನು ಕಿತ್ತುಕೊಂಡಿತ್ತು. ಎರಡು ಗಂಟೆ ಮೊಣಕಾಲಿನ ಮೇಲಿದ್ದರೂ ಆಕೆ ಒಂದು ನಿಮಿಷವೂ ದೇವರ ಜೊತೆ ಮಾತಾಡುತ್ತಿರಲಿಲ್ಲ. ತನ್ನನ್ನೇ ತಪಾಸಣೆ ಮಾಡಿಕೊಳ್ಳುತ್ತಿದ್ದಳು. ಐದು ನಿಮಿಷದ ಪ್ರಾರ್ಥನೆಯಲ್ಲಿ ಶಾಲೆಯ ಒಬ್ಬ ಹುಡುಗನ ಜ್ವರದ ಬಗ್ಗೆ ಬೇಡಿಕೊಂಡೆ ಅಂತ ಬಂದು ಹೇಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹಾಗಾದರೆ ಪಶ್ಚಾತ್ತಾಪವೇ ಬೇಡವಾ? ಬೇಕು. ಒಂದು ಭೇಟಿಯಲ್ಲಿ ಅದೂ ಬಂತು. ಹಣದ ವಿಷಯಕ್ಕೆ ತಮ್ಮನಿಗೆ ಬಾಯಿಗೆ ಬಂದಂತೆ ಬೈದಿದ್ದಳು, ಆರು ತಿಂಗಳಿಂದ ಮಾತಿಲ್ಲ. ಇಲ್ಲಿ ನಡೆದ ಒಂದು ತಪ್ಪಿದೆ, ನೋವು ತಿಂದ ಒಬ್ಬ ಮನುಷ್ಯನಿದ್ದಾನೆ, ಸರಿಮಾಡುವ ದಾರಿಯೂ ಇದೆ. ಆ ಸಂಜೆ ಫೋನ್ ಮಾಡಿದಳು, ಇಬ್ಬರೂ ಅತ್ತರು, ಮುಗಿಯಿತು. ಮರುದಿನ ಅದರ ಬಗ್ಗೆ ಮತ್ತೆ ಕ್ಷಮೆ ಕೇಳಬೇಕು ಅನ್ನಿಸಲೇ ಇಲ್ಲ ಅಂದಳು. ನಿಜವಾದ ತಪ್ಪಿನ ಭಾರಕ್ಕೂ ಗೀಳಿಗೂ ಇರುವ ವ್ಯತ್ಯಾಸ ಆಕೆಗೆ ಅವತ್ತು ತಾನಾಗಿಯೇ ತಿಳಿಯಿತು.

ತಾಯಿಗೂ ಸಭಾಪಾಲಕರಿಗೂ ಕೊಟ್ಟ ಸಲಹೆ ಒಂದೇ. ತಾಯಿ ರಾತ್ರಿಯೆಲ್ಲ "ಕ್ಷಮಿಸಿದ್ದಾನೆ ಮಗಳೇ" ಅನ್ನುತ್ತಿದ್ದರು. ಸಭಾಪಾಲಕರಿಗೆ ನಡುರಾತ್ರಿ ವಾಟ್ಸಾಪ್ ಹೋಗುತ್ತಿತ್ತು, ಅವರು ಪಾಪ ಎದ್ದು ಉತ್ತರಿಸುತ್ತಿದ್ದರು. ಪ್ರೀತಿಯಿಂದಲೇ, ಆದರೆ ನಿಲ್ಲಿಸಿ ಅಂದೆ. ಕೇಳಿದಾಗ, "ಇದು ಗೀಳು ಕೇಳುತ್ತಿರುವ ಪ್ರಶ್ನೆ, ಅದಕ್ಕೆ ನಾನು ಉತ್ತರ ಕೊಡಲ್ಲ, ನಿನ್ನ ಜೊತೆ ಕೂತಿರ್ತೀನಿ" ಅನ್ನಿ. ತಾಯಿಗೆ ಮೊದಲ ವಾರ ನರಕಯಾತನೆ. ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದರಂತೆ. ಆದರೂ ಮಾತು ಉಳಿಸಿಕೊಂಡರು. ಈ ಪ್ರಕರಣದಲ್ಲಿ ಅತಿ ಕಷ್ಟದ ಕೆಲಸ ಮಾಡಿದವರು ಅವರೇ.

ಇಂಥ ಆಪ್ತಸಲಹೆ ಹುಡುಕುವವರು ಮೊದಲ ಫೋನಿನಲ್ಲೇ ಕೆಲವನ್ನು ಕೇಳಿಬಿಡಿ. ಎಲ್ಲಿ ಓದಿದ್ದೀರಿ, ಏನು ತರಬೇತಿ ಆಗಿದೆ? ಬೇಕಾದರೆ ಮನೋವೈದ್ಯರ ಹತ್ತಿರ ಕಳಿಸುತ್ತೀರಾ? ನನಗೆ ಪ್ರಾರ್ಥನೆ ಬೇಡ ಅನಿಸಿದರೆ ಒಪ್ಪುತ್ತೀರಾ? ನಾನು ಹೇಳಿದ್ದು ಯಾರಿಗೆಲ್ಲ ತಿಳಿಯುತ್ತದೆ? ಈ ಪ್ರಶ್ನೆಗಳಿಗೆ ಸಿಟ್ಟಾಗುವವರ ಹತ್ತಿರ ಹೋಗಬೇಡಿ. ಮಾತ್ರೆ ಬಿಟ್ಟರೆ ಮಾತ್ರ ವಿಶ್ವಾಸ ಅನ್ನುವವರ ಹತ್ತಿರ ಖಂಡಿತ ಬೇಡ. ಖರ್ಚಿನ ಚಿಂತೆ ಇದ್ದವರಿಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಗಳಿವೆ. ನಿಮ್ಹಾನ್ಸಿನಲ್ಲಿ ಗೀಳಿಗೇ ಪ್ರತ್ಯೇಕ ಕ್ಲಿನಿಕ್ ಇದೆ.

ಆಕೆ ಈಗ ಕರ್ತನ ಭೋಜನಕ್ಕೆ ಹೋಗುತ್ತಾಳೆ. ಆ ಮಾತು ಈಗಲೂ ಒಮ್ಮೊಮ್ಮೆ ಬರುತ್ತದೆ, ಬಂದರೂ ಪಾತ್ರೆ ತೆಗೆದುಕೊಳ್ಳುತ್ತಾಳೆ. ಮಾತ್ರೆ ಇನ್ನೂ ನಡೆಯುತ್ತಿದೆ, ಡಾಕ್ಟರ್ ಹೇಳುವವರೆಗೆ ನಡೆಯುತ್ತದೆ. ಈಸ್ಟರಿಗೆ ಮುಂಚೆ ಬರುವ ಲೆಂಟ್ ಉಪವಾಸದ ದಿನಗಳಲ್ಲಿ ಗೀಳು ಮತ್ತೆ ತಲೆ ಎತ್ತಬಹುದು ಎಂದು ಮೊದಲೇ ಮಾತಾಡಿಕೊಂಡಿದ್ದೇವೆ. ಸಭೆ ಹೇಳಿದಷ್ಟೇ ಉಪವಾಸ, ಅದಕ್ಕಿಂತ ಒಂದು ಹೊತ್ತೂ ಹೆಚ್ಚಿಲ್ಲ. ಮತ್ತೆ ಪಟ್ಟಿ ಬರೆಯಲು ಕೈ ಹೋದರೆ ನನಗೆ ಫೋನ್, ಆ ವಾರದಲ್ಲೇ ಭೇಟಿ.